ನೇರಳೆ ಸೀಲಿನ ಊರು



ನಾನು ತಿಪಟೂರು ತಾಲ್ಲೂಕಿನ ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ ಮೂವತ್ನಾಲ್ಕು ವರ್ಷ ಪಾಠ ಹೇಳಿದವಳು. 1988ರಲ್ಲಿ ಕೆಲಸಕ್ಕೆ ಸೇರಿದೆ, 2022ರಲ್ಲಿ ನಿವೃತ್ತಳಾದೆ. ಈಗ ವರ್ಷಕ್ಕೆ ನಾಲ್ಕು ತಿಂಗಳು ಕೋಲ್ಕತ್ತದ ಸಾಲ್ಟ್ ಲೇಕ್‌ನಲ್ಲಿ ನನ್ನ ಠಿಕಾಣಿ. ಮಗಳು, ಅಳಿಯ ಇಬ್ಬರೂ ಅಲ್ಲಿನ ಸೆಕ್ಟರ್ ಫೈವ್‌ನಲ್ಲಿ ಕಂಪ್ಯೂಟರಿನ ಕೆಲಸದವರು. ಮೊಮ್ಮಗ ಮೂರನೇ ಕ್ಲಾಸು. ಅವನನ್ನು ಸ್ಕೂಲಿನಿಂದ ಕರೆತರುವುದು, ಸಂಜೆ ಅವನ ಹೊಟ್ಟೆಗೂ ಕಿವಿಗೂ ಏನಾದರೂ ಹಾಕುವುದು ನನ್ನ ಪಾಲಿನ ಕೆಲಸ. ಸಂಬಳದ ನೌಕರಿ ಮುಗಿಸಿ ಬಿಟ್ಟಿ ನೌಕರಿಗೆ ಸೇರಿಕೊಂಡಳು ಎಂದು ನಮ್ಮ ಯಜಮಾನರು ಆಡಿಕೊಳ್ಳುತ್ತಾರೆ.

ಸಾಲ್ಟ್ ಲೇಕ್ ಎಂದರೆ ಉಪ್ಪುನೀರಿನ ಜೌಗನ್ನು ತುಂಬಿ ಮಾಡಿದ ಊರು. 1960ರ ದಶಕದಲ್ಲಿ ಹೂಗ್ಲಿ ನದಿಯ ಹೂಳನ್ನು ಪೈಪುಗಳಲ್ಲಿ ತಂದು ಸುರಿದು ನೆಲ ಎಬ್ಬಿಸಿದರಂತೆ. ನಕ್ಷೆ ಹಾಕಿದವರು ಯುಗೊಸ್ಲಾವಿಯಾದ ಡೊಬ್ರಿವೊಯೆ ತೊಶ್ಕೊವಿಚ್. ಕಾಗದದ ಮೇಲೆ ಇದರ ಹೆಸರು ಬಿಧಾನ್‌ನಗರ, ಮುಖ್ಯಮಂತ್ರಿಯಾಗಿದ್ದ ಡಾ. ಬಿಧಾನ್ ಚಂದ್ರ ರಾಯ್ ಅವರ ನೆನಪಿಗೆ. ಬಾಯಲ್ಲಿ ಮಾತ್ರ ಸಾಲ್ಟ್ ಲೇಕೇ. ಇಲ್ಲಿ ಬಡಾವಣೆಗಳಿಗೆ ಹೆಸರಿಗಿಂತ ಅಕ್ಷರಗಳೇ ಹೆಚ್ಚು: ಎ.ಇ. ಬ್ಲಾಕ್, ಬಿ.ಡಿ. ಬ್ಲಾಕ್, ಸಿ.ಕೆ. ಬ್ಲಾಕ್. ಒಂದನೇ ಕ್ಲಾಸಿಗೆ ಮೂವತ್ನಾಲ್ಕು ವರ್ಷ ಅಕ್ಷರ ತಿದ್ದಿಸಿದವಳಿಗೆ ಇದು ಸಲೀಸಾಗಬೇಕಿತ್ತು, ಆಗಲಿಲ್ಲ. ಒಂದು ಮಧ್ಯಾಹ್ನ ಬಿ.ಡಿ. ಬ್ಲಾಕಿನ ದರ್ಜಿ ಅಂಗಡಿಗೆ ಹೊರಟಿದ್ದೆ. ನಾನು ಹೇಳಿದ್ದು ಟೋಟೊದವನ ಕಿವಿಗೆ ಹೇಗೆ ಬಿತ್ತೋ, ಡಿ.ಡಿ. ಬ್ಲಾಕಿನಲ್ಲಿ ಇಳಿಸಿ ಹೋದ. ಟೋಟೊ ಅಂದರೆ ಬ್ಯಾಟರಿ ರಿಕ್ಷಾ. ದಾರಿ ಕೇಳೋಣವೆಂದು ಅತ್ತಿತ್ತ ನೋಡುತ್ತೇನೆ, ಎದುರಿಗಿನ ಕಟ್ಟಡದ ಬೋರ್ಡಿನಲ್ಲಿ 'ರಾಜಾ ರಾಮಮೋಹನ ರಾಯ್ ಲೈಬ್ರರಿ ಫೌಂಡೇಶನ್' ಎಂದಿದೆ.

ನನಗೆ ನಗು ಬಂತು. ಆಮೇಲೆ ಗಂಟಲು ಕಟ್ಟಿತು. ಅದು ನಮ್ಮೂರ ಸೀಲು!

ಬಿಡಿಸಿ ಹೇಳುತ್ತೇನೆ. ನಮ್ಮ ಶಾಲೆಯಿಂದ ಕೂಗಳತೆಯಲ್ಲಿ ಗ್ರಾಮ ಪಂಚಾಯ್ತಿಯ ಗ್ರಂಥಾಲಯ. ಒಂದೇ ಕೋಣೆ, ನಾಲ್ಕು ಕಪಾಟು, ಒಂದು ಉದ್ದನೆಯ ಮೇಜು. ಅಲ್ಲಿನ ಪುಸ್ತಕಗಳಲ್ಲಿ ಅನೇಕವಕ್ಕೆ ಮೊದಲ ಹಾಳೆಯಲ್ಲೊಂದು ನೇರಳೆ ಬಣ್ಣದ ಮೊಟ್ಟೆಯಾಕಾರದ ಸೀಲು. ರಾಜಾ ರಾಮಮೋಹನ ರಾಯ್ ಪ್ರತಿಷ್ಠಾನದ ನೆರವಿನಿಂದ ಕೊಂಡದ್ದು ಎಂಬರ್ಥದ ಒಕ್ಕಣೆ. ಸೀಲಿನಲ್ಲಿ ಊರಿನ ಹೆಸರಿರಲಿಲ್ಲ. ಒಮ್ಮೆ ನಾಲ್ಕನೇ ಕ್ಲಾಸಿನ ಹುಡುಗಿಯೊಬ್ಬಳು ಹತ್ತಾರು ಪುಸ್ತಕ ತಿರುವಿಹಾಕಿ, "ಮಿಸ್, ಈ ರಾಜ ಎಷ್ಟೊಂದು ಪುಸ್ತಕ ಬರ್ದವ್ನೆ!" ಎಂದಳು. ಎಲ್ಲ ಪುಸ್ತಕವೂ ಅವನದೇ ಎಂದುಕೊಂಡಿದ್ದಳು. ಅವರು ರಾಜ್ಯ ಆಳಿದ ರಾಜರಲ್ಲ, ದೆಹಲಿಯ ಮೊಘಲ್ ಬಾದಶಹ ಕೊಟ್ಟ ಬಿರುದು ಅದು ಎಂದು ವಿವರಿಸಿದೆ. ಅವಳು ಒಪ್ಪಲಿಲ್ಲ. ಕಿರೀಟ ಇಲ್ಲದೆ ರಾಜ ಅಂತಾರಾ ಯಾರಾದರೂ?

ಆ ಸೀಲಿನ ಊರೇ ಈ ಸಾಲ್ಟ್ ಲೇಕ್. ಡಿ.ಡಿ. 34, ಸೆಕ್ಟರ್ ಒಂದು.

ರಾಮಮೋಹನ ರಾಯರು ಹುಟ್ಟಿದ್ದು 1772ರ ಮೇ 22ರಂದು. ಇನ್ನೂರು ವರ್ಷ ತುಂಬಿದ 1972ರಲ್ಲಿ ಅವರ ಹೆಸರಿನಲ್ಲಿ ಕೇಂದ್ರ ಸರ್ಕಾರ ಈ ಪ್ರತಿಷ್ಠಾನವನ್ನು ತೆರೆಯಿತು. ಈಗ ಇದು ಸಂಸ್ಕೃತಿ ಸಚಿವಾಲಯದ ಕೆಳಗೆ ಬರುತ್ತದೆ. ದೇಶದ ಸಾರ್ವಜನಿಕ ಗ್ರಂಥಾಲಯಗಳಿಗೆ ನೀರೆರೆಯುವುದೇ ಇದರ ಕೆಲಸ. ಮುಖ್ಯವಾಗಿ ಎರಡು ದಾರಿ. ಒಂದರಲ್ಲಿ ರಾಜ್ಯ ತನ್ನ ಪಾಲು ಹಾಕಬೇಕು, ಆಗ ಪ್ರತಿಷ್ಠಾನವೂ ತನ್ನ ಪಾಲು ಸೇರಿಸುತ್ತದೆ. ಪುಸ್ತಕ ಕೊಳ್ಳುವುದು, ಕಪಾಟು ಮಾಡಿಸುವುದು, ಸಂಚಾರಿ ಗ್ರಂಥಾಲಯ ಓಡಿಸುವುದು ಈ ಬಾಬ್ತಿನಲ್ಲಿ ಬರುತ್ತವೆ. ಇನ್ನೊಂದರಲ್ಲಿ ರಾಜ್ಯದ ಪಾಲಿಲ್ಲ. ಇಡೀ ಹಣ ಪ್ರತಿಷ್ಠಾನದ್ದೇ. ಸಾರ್ವಜನಿಕ ಗ್ರಂಥಾಲಯದೊಳಗೆ ಮಕ್ಕಳಿಗೆಂದೇ ಒಂದು ವಿಭಾಗ, ಹೋಗಲಿ ಒಂದು ಮೂಲೆಯನ್ನಾದರೂ ಮಾಡಿಕೊಳ್ಳಲು ಕೊಡುವ ಹಣ ಈ ಎರಡನೇ ಲೆಕ್ಕದ್ದು. ಗಿಡ್ಡ ಕಪಾಟು, ಗಿಡ್ಡ ಮೇಜು, ಚಿತ್ರದ ಪುಸ್ತಕ, ಆಟಿಕೆ. ಕಪಾಟು ಗಿಡ್ಡಗಿರಬೇಕೆಂಬುದು ಸಣ್ಣ ಮಾತಲ್ಲ. ಕೈಗೆಟುಕದ ಪುಸ್ತಕ ಮಗುವಿನ ಮಟ್ಟಿಗೆ ಗೋಡೆಗೆ ನೇತುಹಾಕಿದ ದೇವರ ಪಟ, ಕೈಮುಗಿಯಬಹುದು ಅಷ್ಟೆ.

ಕೋಲ್ಕತ್ತಕ್ಕೂ ಕನ್ನಡದ ಪುಸ್ತಕಕ್ಕೂ ಇನ್ನೊಂದು ನಂಟಿದೆ. ಅದು ಸಾಲ್ಟ್ ಲೇಕ್‌ನಲ್ಲಲ್ಲ, ನಗರದ ದಕ್ಷಿಣಕ್ಕೆ, ಅಲಿಪುರದಲ್ಲಿ. ಅಲ್ಲಿ ರಾಷ್ಟ್ರೀಯ ಗ್ರಂಥಾಲಯವಿದೆ. 1954ರ ಕಾನೂನಿನ ಪ್ರಕಾರ ದೇಶದಲ್ಲಿ ಯಾವ ಭಾಷೆಯ ಪುಸ್ತಕ ಅಚ್ಚಾದರೂ ಪ್ರಕಾಶಕರು ಮೂವತ್ತು ದಿನದೊಳಗೆ ಒಂದು ಪ್ರತಿಯನ್ನು ಸ್ವಂತ ಖರ್ಚಿನಲ್ಲಿ ಅಲ್ಲಿಗೆ ಕಳಿಸಬೇಕು. ಕನ್ನಡದ ಮಕ್ಕಳ ಪುಸ್ತಕವೂ ಇದಕ್ಕೆ ಹೊರತಲ್ಲ. ಸ್ವಾತಂತ್ರ್ಯದ ನಂತರ ಆ ಗ್ರಂಥಾಲಯವನ್ನು ಕಟ್ಟಿ ನಿಲ್ಲಿಸಿದ ಬಿ.ಎಸ್. ಕೇಶವನ್ ಒಂದು ಕಾಲಕ್ಕೆ ನಮ್ಮ ಮೈಸೂರಿನಲ್ಲಿ ಅಧ್ಯಾಪಕರಾಗಿದ್ದವರು. ಅಲ್ಲಿಗೆ ಹೋಗುವ ಪ್ರತಿ, ಉಳಿಯಲೆಂದು ಹೋಗುವುದು. ಧೂಳು, ಗೆದ್ದಲು, ಸೆಖೆ ಯಾವುದೂ ತಾಗದಂತೆ ನೂರು ವರ್ಷ ಇರಬೇಕಾದದ್ದು. ಸಾಲ್ಟ್ ಲೇಕ್‌ನ ದುಡ್ಡಿನಿಂದ ನಮ್ಮೂರಿಗೆ ಬರುವ ಪ್ರತಿಯ ಹಣೆಬರಹ ಬೇರೆ. ಅದು ಸವೆಯಲೆಂದು ಬರುವುದು. ಒಂದೇ ಪುಸ್ತಕದ ಎರಡು ಪ್ರತಿ. ಒಂದನ್ನು ಕಾಪಾಡುವುದು ಧರ್ಮ, ಇನ್ನೊಂದನ್ನು ಕಾಪಾಡುವುದು ಅನ್ಯಾಯ. ಈ ವ್ಯತ್ಯಾಸ ನನಗೆ ತಿಳಿಯಲು ಮೂವತ್ತೆರಡು ವರ್ಷ ಹಿಡಿಯಿತು.

ಈಗ ತಪ್ಪೊಪ್ಪಿಗೆ. ನಾನು ಕೆಲಸಕ್ಕೆ ಸೇರುವ ಹಿಂದಿನ ವರ್ಷ, 1987ರಲ್ಲಿ, 'ಆಪರೇಷನ್ ಬ್ಲ್ಯಾಕ್‌ಬೋರ್ಡ್' ಯೋಜನೆ ಶುರುವಾಗಿತ್ತು. ಶಾಲೆಗೆ ಕನಿಷ್ಠ ಎರಡು ಕೋಣೆ, ಇಬ್ಬರು ಶಿಕ್ಷಕರು, ಕಲಿಸುವ ಸಾಮಾನು, ಜೊತೆಗೆ ಒಂದಿಷ್ಟು ಗ್ರಂಥಾಲಯದ ಪುಸ್ತಕ. ನಮ್ಮ ಶಾಲೆಗೂ ಬಂದವು. ಆಮೇಲೂ ಒಂದಲ್ಲ ಒಂದು ಯೋಜನೆಯಲ್ಲಿ ಬರುತ್ತಲೇ ಇದ್ದವು. 2009ರ ಶಿಕ್ಷಣ ಹಕ್ಕು ಕಾಯಿದೆ ಬಂದ ಮೇಲಂತೂ ಪ್ರತಿ ಶಾಲೆಯಲ್ಲೂ ಗ್ರಂಥಾಲಯ ಇರಲೇಬೇಕು, ಅದರಲ್ಲಿ ಪತ್ರಿಕೆ ಇರಬೇಕು, ಕಥೆಪುಸ್ತಕ ಇರಬೇಕು ಎಂದು ಕಾನೂನೇ ಆಯಿತು. ಸಮಗ್ರ ಶಿಕ್ಷಾ ಯೋಜನೆ ಬಂದಾಗ ಕಿರಿಯ ಪ್ರಾಥಮಿಕ ಶಾಲೆಗೆ ವರ್ಷಕ್ಕೆ 5,000 ರೂಪಾಯಿವರೆಗೆ ಗ್ರಂಥಾಲಯ ಅನುದಾನ. ಪುಸ್ತಕಕ್ಕೆ ಬರವಿತ್ತು ಎಂದು ನಾನು ಹೇಳಿದರೆ ನಾಲಿಗೆ ಬಿದ್ದುಹೋದೀತು. ಪುಸ್ತಕ ಇದ್ದವು. ಎಲ್ಲಿದ್ದವು? ಆಫೀಸ್ ರೂಮಿನ ಹಸಿರು ಬೀರುವಿನಲ್ಲಿ. ಬೀರುವಿಗೆ ಬೀಗ. ಬೀಗದ ಕೈ ನನ್ನ ಸೊಂಟದಲ್ಲಿ.

ಯಾಕೆ ಅಂತೀರಾ? ಚಾರ್ಜ್ ಲಿಸ್ಟ್! ಮುಖ್ಯ ಶಿಕ್ಷಕಿಯಾದವಳು ಶಾಲೆಯ ಗಂಟೆಯಿಂದ ಹಿಡಿದು ಬಿಸಿಯೂಟದ ಸೌಟಿನವರೆಗೆ ಎಲ್ಲಕ್ಕೂ ಲೆಕ್ಕ ಕೊಡಬೇಕು. ದಾಸ್ತಾನು ವಹಿಯಲ್ಲಿ 312 ಪುಸ್ತಕ ಎಂದಿದ್ದರೆ ಎಣಿಸುವಾಗ 312 ಇರಬೇಕು. ಕಡಿಮೆ ಬಿದ್ದರೆ ಕೈಯಿಂದ ಕಟ್ಟಬೇಕಾದೀತು ಎಂಬ ಭಯವನ್ನು ಹಿರಿಯರು ನನಗೆ ಹಾಕಿದರು, ನಾನು ಕಿರಿಯರಿಗೆ ಹಾಕಿದೆ. ನಿಜವಾಗಿ ಯಾರಾದರೂ ಕಟ್ಟಿದ್ದನ್ನು ಕಣ್ಣಾರೆ ನೋಡಿದ್ದೀಯಾ ಎಂದರೆ, ಇಲ್ಲ. ಆದರೆ ಭಯಕ್ಕೆ ಸಾಕ್ಷಿ ಬೇಕಾಗುವುದಿಲ್ಲವಲ್ಲ. ತಪಾಸಣೆಗೆ ಬಂದವರು ಬೀರು ತೆರೆಸಿ, ಹೊಸ ವಾಸನೆಯ ಪುಸ್ತಕಗಳನ್ನು ನೋಡಿ, 'ಚೆನ್ನಾಗಿ ಇಟ್ಟಿದ್ದೀರಿ' ಎಂದು ಬರೆದು ಹೋಗುತ್ತಿದ್ದರು. ಹೌದು, ಚೆನ್ನಾಗಿಯೇ ಇಟ್ಟಿದ್ದೆ. ಉಪ್ಪಿನಕಾಯಿ ಜಾಡಿಯಂತೆ, ಬಾಯಿಗೆ ಬಟ್ಟೆ ಕಟ್ಟಿ.

ಊರಿನ ಗ್ರಂಥಾಲಯದ್ದು ಇನ್ನೊಂದು ಕಥೆ. ನಮ್ಮಲ್ಲಿ ಅದು ಬೆಳಗ್ಗೆ ಒಂದಷ್ಟು ಹೊತ್ತು, ಸಂಜೆ ಒಂದಷ್ಟು ಹೊತ್ತು ತೆರೆದಿರುತ್ತಿತ್ತು. ಶಾಲೆ ತೆರೆದಾಗ ಅದು ಮುಚ್ಚಿರುತ್ತಿತ್ತು. ಅದು ತೆರೆದಾಗ ಮಕ್ಕಳು ಎಮ್ಮೆ ಹಿಂದೆಯೋ ತೆಂಗಿನ ತೋಟದಲ್ಲೋ ಇರುತ್ತಿದ್ದರು. ಪೇಪರ್ ಓದುವ ಗಂಡಸರ ನಡುವೆ ಹೆಣ್ಣುಮಕ್ಕಳು ಹೋಗಿ ಕೂರುವುದೂ ಕಷ್ಟವೇ. ಕರ್ನಾಟಕದಲ್ಲಿ ಗ್ರಂಥಾಲಯ ಕಾಯಿದೆ ಆದದ್ದು 1965ರಲ್ಲಿ. ನಾವು ಕಟ್ಟುವ ಆಸ್ತಿ ತೆರಿಗೆಯ ಮೇಲೆ ಶೇಕಡಾ 6ರಷ್ಟು ಗ್ರಂಥಾಲಯ ಕರವೂ ಇದೆ. ಅಂದರೆ ನಮ್ಮೂರ ಮಕ್ಕಳ ಅಪ್ಪಂದಿರ ದುಡ್ಡೂ ಅದರಲ್ಲಿತ್ತು. ಆದರೂ ಮಕ್ಕಳು ಅದರ ಹೊಸ್ತಿಲು ತುಳಿದವರಲ್ಲ.

ಬೀಗ ತೆಗೆಸಿದ್ದು ನನ್ನ ಜ್ಞಾನೋದಯವಲ್ಲ, ಕೊರೋನಾ. 2020ರ ಆಗಸ್ಟಿನಲ್ಲಿ ಶಾಲೆ ಮುಚ್ಚಿದ್ದಾಗ 'ವಿದ್ಯಾಗಮ' ಬಂತು. ಮಕ್ಕಳು ಶಾಲೆಗೆ ಬರುವಂತಿಲ್ಲ. ಶಿಕ್ಷಕರೇ ಮಕ್ಕಳಿದ್ದಲ್ಲಿಗೆ ಹೋಗಬೇಕು. ನಾನು ಮಾರಮ್ಮನ ಗುಡಿಯ ಜಗಲಿಯಲ್ಲಿ ಕೂತೆ. ಎದುರಿಗೆ ಹನ್ನೊಂದು ಮಕ್ಕಳು, ಒಬ್ಬೊಬ್ಬರು ಒಂದೊಂದು ಕ್ಲಾಸು. ಕಪ್ಪುಹಲಗೆ ಇಲ್ಲ. ಎಷ್ಟು ಹೊತ್ತು ಬಾಯಲ್ಲಿ ಮಗ್ಗಿ ಹೇಳಿಸುವುದು? ಮರುದಿನ ಬೀರು ತೆಗೆದು, ಕೈಗೆ ಸಿಕ್ಕಿದ ಮೂವತ್ತು ಪುಸ್ತಕವನ್ನು ರೇಷನ್ ಚೀಲಕ್ಕೆ ತುಂಬಿಕೊಂಡು ಹೋದೆ. ಜಗಲಿಯ ಮೇಲೆ ಹರಡಿದೆ, ಸಂತೆಯಲ್ಲಿ ಸೊಪ್ಪು ಹರಡಿದ ಹಾಗೆ. ಯಾವುದು ಬೇಕೋ ತಗೊಳ್ಳಿ ಎಂದೆ.

ಮಕ್ಕಳು ಮುಟ್ಟಲಿಲ್ಲ. ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕೊನೆಗೆ ಐದನೆಯ ಕ್ಲಾಸಿನ ಹುಡುಗ ಕೇಳಿದ: "ಮಿಸ್, ಕೈ ತೊಳ್ಕೊಂಡ್ ಬರ್ಬೇಕಾ?"

ಆ ಮಾತು ಈಗಲೂ ಚುಚ್ಚುತ್ತದೆ. ಪುಸ್ತಕವನ್ನು ಅಷ್ಟು ಮಡಿಯಾಗಿ ಇಟ್ಟವಳು ನಾನೇ.

ಮುಂದಿನದು ಹೇಳುವಷ್ಟು ದೊಡ್ಡದಲ್ಲ, ಆದರೆ ಕೆಲಸಕ್ಕೆ ಬಂದದ್ದನ್ನು ಹೇಳಿಬಿಡುತ್ತೇನೆ. ಪುಸ್ತಕ ಬೆನ್ನು ತೋರಿಸಿ ನಿಂತರೆ ಚಿಕ್ಕ ಮಕ್ಕಳಿಗೆ ಅದು ಪುಸ್ತಕವಲ್ಲ, ಮುಖ ಕಾಣಬೇಕು. ಹಾಗಾಗಿ ಗುಡಿಯ ಎರಡು ಕಂಬಕ್ಕೆ ಹುರಿಹಗ್ಗ ಕಟ್ಟಿ ಬಟ್ಟೆ ಒಣಹಾಕಿದಂತೆ ಪುಸ್ತಕ ನೇತುಹಾಕಿದೆವು. ತಿಪಟೂರು ಸೀಮೆಯಲ್ಲಿ ತೆಂಗಿನ ನಾರಿನ ಹಗ್ಗಕ್ಕೇನು ಕೊರತೆ? ಓದಲು ಬಾರದವರಿಗೆ ನಾನು ಗಟ್ಟಿಯಾಗಿ ಓದಿದೆ, ದಿನಕ್ಕೆ ಒಂದೇ ಕಥೆ. ಓದಿ ಮುಗಿಸಿ ಪ್ರಶ್ನೆ ಕೇಳಬಾರದು ಎಂಬ ನಿಯಮ ನನಗೆ ನಾನೇ ಹಾಕಿಕೊಂಡೆ. ಇದು ಬಲು ಕಷ್ಟದ ನಿಯಮ. ಟೀಚರ್ ಆದವಳಿಗೆ ಕಥೆ ಮುಗಿದ ಕೂಡಲೇ 'ಇದರಿಂದ ನೀವು ಕಲಿತ ನೀತಿ ಏನು?' ಎಂದು ಬಾಯಿಗೆ ಬಂದೇ ಬರುತ್ತದೆ. ನುಂಗಿಕೊಂಡೆ. ಪ್ರಶ್ನೆ ಇಲ್ಲವೆಂದು ಖಾತ್ರಿಯಾದ ಮೇಲೆ ಅವರೇ ಕೇಳತೊಡಗಿದರು. ಓದಿದ ಕಥೆಯನ್ನೇ ಮತ್ತೆ ಓದಿ ಎಂದು ಹಠ ಮಾಡುವರು. ಮೂರನೇ ಸಲಕ್ಕೆ ನಾನು ಒಂದು ಪದ ತಪ್ಪಿದರೆ ಅಕ್ಷರ ಬಾರದ ಮಗುವೇ ತಿದ್ದುತ್ತಿತ್ತು. ಆಮೇಲೆ ಆ ಮಗು ಪುಸ್ತಕ ಕೈಗೆತ್ತಿಕೊಂಡು, ಬಾಯಿಪಾಠವಾದ ಕಥೆಯನ್ನು ಹಾಳೆಗಳ ಮೇಲೆ ಬೆರಳಾಡಿಸುತ್ತ 'ಓದುತ್ತಿತ್ತು'. ಓದಿನ ಮೊದಲ ಮೆಟ್ಟಿಲು ಇದೇ ಎಂದು ತರಬೇತಿಯಲ್ಲಿ ಹತ್ತು ಸಲ ಕೇಳಿದ್ದೆ. ಕಂಡದ್ದು ಅಂದು.

ಆ ವರ್ಷದ ಕೊನೆಗೆ ಪಂಚಾಯತ್ ರಾಜ್ ಇಲಾಖೆಯ 'ಓದುವ ಬೆಳಕು' ಕಾರ್ಯಕ್ರಮ ಬಂತು. ಅದಕ್ಕೆ ಸ್ವಲ್ಪ ಮೊದಲೇ, 2019ರಲ್ಲಿ, ಹಳ್ಳಿಯ ಗ್ರಂಥಾಲಯಗಳು ಗ್ರಂಥಾಲಯ ಇಲಾಖೆಯಿಂದ ಪಂಚಾಯ್ತಿಯ ಕೈಗೆ ಬಂದಿದ್ದವು. ಐದು ಸಾವಿರಕ್ಕೂ ಹೆಚ್ಚು ಗ್ರಂಥಾಲಯಗಳಲ್ಲಿ 6ರಿಂದ 18 ವರ್ಷದ ಮಕ್ಕಳಿಗೆ ಬಿಟ್ಟಿ ಸದಸ್ಯತ್ವ ಕೊಡಬೇಕೆಂದು ಆದೇಶವಾಯಿತು. ಇದರ ಹಿಂದೆ ನಿಂತು ಓಡಾಡಿದ ಅಧಿಕಾರಿ ಉಮಾ ಮಹಾದೇವನ್. ಗ್ರಂಥಾಲಯಗಳಿಗೆ 'ಅರಿವು ಕೇಂದ್ರ' ಎಂದು ಹೊಸ ಹೆಸರಾಯಿತು. ಎಷ್ಟೋ ಕಡೆ ಗೋಡೆಗೆ ಚಿತ್ರ, ನೆಲಕ್ಕೆ ಚಾಪೆ, ಚೆಸ್ ಮಣೆ, ಕಂಪ್ಯೂಟರ್ ಬಂದವು. ನಮ್ಮೂರ ಮೇಲ್ವಿಚಾರಕರು ಪುಣ್ಯಾತ್ಮರು. ನಮ್ಮ ಶಾಲೆಯ ಎಲ್ಲ ಮಕ್ಕಳ ಹೆಸರನ್ನೂ ಒಂದೇ ದಿನ ಬರೆದುಕೊಂಡರು. ಕಾರ್ಡು ಕೈಗೆ ಬಂದಾಗ ಮಕ್ಕಳು ಅದನ್ನು ಆಧಾರ್ ಕಾರ್ಡಿನಷ್ಟೇ ಜೋಪಾನವಾಗಿ ಅಮ್ಮನ ಟ್ರಂಕಿಗೆ ಸೇರಿಸಿಬಿಟ್ಟರು. ಮತ್ತೆ ಅದನ್ನು ಈಚೆ ತೆಗೆಸುವುದೇ ಒಂದು ಕೆಲಸವಾಯಿತು. ಶಾಲೆ ಮತ್ತೆ ತೆರೆದ ಮೇಲೆ ಶನಿವಾರ ಬೆಳಗಿನ ಕ್ಲಾಸು ಬಿಟ್ಟ ಕೂಡಲೇ ಸಾಲಾಗಿ ಗ್ರಂಥಾಲಯಕ್ಕೆ ಕರೆದುಕೊಂಡು ಹೋಗುತ್ತಿದ್ದೆ. ಆ ದಿನ ಮೇಲ್ವಿಚಾರಕರು ಅರ್ಧ ಗಂಟೆ ಹೆಚ್ಚಿಗೆ ಬಾಗಿಲು ತೆರೆದಿಡುತ್ತಿದ್ದರು. ಯಾವ ಆದೇಶದಲ್ಲೂ ಇಲ್ಲದ ಅರ್ಧ ಗಂಟೆ ಅದು. ನೇರಳೆ ಸೀಲಿನ ರಾಜನ ಮಾತು ಬಂದದ್ದು ಅಲ್ಲೇ.

ನನ್ನ ಮಗಳ ಆಫೀಸಿರುವ ಸೆಕ್ಟರ್ ಫೈವ್‌ನಲ್ಲಿ ಇನ್ನೊಂದು ಕಟ್ಟಡವಿದೆ: ರಾಷ್ಟ್ರೀಯ ವಿಜ್ಞಾನ ಸಂಗ್ರಹಾಲಯಗಳ ಮಂಡಳಿ, 1978ರದ್ದು. ಇದಕ್ಕೂ ನಮಗೂ ಏನು ಸಂಬಂಧ ಎನ್ನುವಿರಿ. ಬೆಂಗಳೂರಿನ ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಂ ಇದರ ಮಡಿಲಿಗೆ ಸೇರಿದ್ದು. ಆ ಮ್ಯೂಸಿಯಂನಿಂದ ಹಳ್ಳಿ ಶಾಲೆಗಳಿಗೆ ವಿಜ್ಞಾನದ ಬಸ್ಸು ಹೋಗುತ್ತದೆ. ಇಂಥ ಬಸ್ಸನ್ನು ದೇಶದಲ್ಲಿ ಮೊದಲು ಓಡಿಸಿದ್ದೂ ಕಲ್ಕತ್ತೆಯವರೇ, ಅಲ್ಲಿನ ಬಿರ್ಲಾ ಮ್ಯೂಸಿಯಂ, 1965ರಲ್ಲಿ. ನಮ್ಮ ಹೋಬಳಿಗೆ ಒಮ್ಮೆ ಆ ಬಸ್ಸು ಬಂದಿತ್ತು. ಬಸ್ಸಿನ ಎರಡೂ ಮಗ್ಗುಲಲ್ಲಿ ಗಾಜಿನ ಪೆಟ್ಟಿಗೆ, ಗುಂಡಿ ಒತ್ತಿದರೆ ಒಳಗೆ ಏನೋ ತಿರುಗುತ್ತದೆ, ಉರಿಯುತ್ತದೆ. ನಮ್ಮ ಮಕ್ಕಳು ಗುಂಡಿ ಒತ್ತಿದ್ದೇ ಒತ್ತಿದ್ದು. ಬಂದವರು ಒಮ್ಮೆಯೂ ಗದರಲಿಲ್ಲ. ಹಾಳಾಗಲೆಂದೇ ಮಾಡಿದ್ದು ಮೇಡಂ, ನಾವು ರಿಪೇರಿ ಮಾಡಿಕೊಳ್ಳುತ್ತೇವೆ, ಎಂದರು ಅವರಲ್ಲೊಬ್ಬರು. ಆಗ ನನ್ನ ಬೀರುವಿಗೆ ಬೀಗವಿತ್ತು. ಆ ಮಾತು ಕಿವಿಗೆ ಬಿದ್ದರೂ ಒಳಗೆ ಇಳಿಯಲಿಲ್ಲ.

ಬಸ್ಸಿಗೂ ಮೊದಲು ಎತ್ತಿನ ಗಾಡಿಯಿತ್ತು. ತಮಿಳುನಾಡಿನ ಮನ್ನಾರ್‌ಗುಡಿಯ ಹತ್ತಿರ 1931ರಲ್ಲಿ ಗಾಡಿಯ ಮೇಲೆ ಪುಸ್ತಕ ಹೇರಿಕೊಂಡು ಹಳ್ಳಿಹಳ್ಳಿ ತಿರುಗಿಸಿದರು. ಗ್ರಂಥಾಲಯ ವಿಜ್ಞಾನದ ಎಸ್.ಆರ್. ರಂಗನಾಥನ್ ತಮ್ಮ ಐದು ಸೂತ್ರಗಳನ್ನು ಪುಸ್ತಕವಾಗಿ ತಂದದ್ದೂ ಅದೇ ವರ್ಷ. ಪುಸ್ತಕ ಇರುವುದು ಬಳಸುವುದಕ್ಕೆ ಎನ್ನುವುದು ಅವರ ಮೊದಲ ಸೂತ್ರದ ತಿರುಳು. ಕೇಳಿದರೆ ಇದನ್ನೂ ಹೇಳಬೇಕೆ ಎನಿಸುತ್ತದೆ. ನನ್ನ ಹಸಿರು ಬೀರುವನ್ನು ನೆನೆಸಿಕೊಂಡರೆ, ಹೇಳಲೇಬೇಕಿತ್ತು. ರಂಗನಾಥನ್ ತಮ್ಮ ಕೊನೆಯ ವರ್ಷಗಳನ್ನು ಕಳೆದು ತೀರಿಕೊಂಡದ್ದು ಬೆಂಗಳೂರಿನಲ್ಲಿ, 1972ರಲ್ಲಿ. ಸಾಲ್ಟ್ ಲೇಕ್‌ನ ಪ್ರತಿಷ್ಠಾನ ಹುಟ್ಟಿದ ವರ್ಷವೇ.

ಮೊಮ್ಮಗನ ಶಾಲೆಯಲ್ಲಿ ವಾರಕ್ಕೊಂದು ಲೈಬ್ರರಿ ಪೀರಿಯಡ್. ಒಂದು ದಿನ ಅಜ್ಜ ಅಜ್ಜಿಯರನ್ನು ಕರೆದಿದ್ದರು, ಹೋಗಿದ್ದೆ. ಲೈಬ್ರರಿಯ ಹೆಣ್ಣುಮಗಳನ್ನು ಮಕ್ಕಳು 'ದೀದಿ' ಎನ್ನುತ್ತಾರೆ. ಆಕೆ ಕುರ್ಚಿಯಲ್ಲಿ ಕೂರದೆ ಮಕ್ಕಳ ನಡುವೆ ನೆಲದ ಮೇಲೆ ಕೂತು ಓದಿದಳು. ಬಂಗಾಳಿ, ಹಿಂದಿ, ಇಂಗ್ಲಿಷ್ ಮೂರೂ ಬೆರಕೆ. ಶುಕ್ರವಾರ ಪ್ರತಿ ಮಗುವಿನ ಚೀಲದಲ್ಲಿ ಒಂದು ಪುಸ್ತಕ ಮನೆಗೆ ಬರುತ್ತದೆ, ಸೋಮವಾರ ಹಿಂದಿರುಗಬೇಕು. ಒಳಗೊಂದು ಚೀಟಿ: ಈ ಪುಸ್ತಕವನ್ನು ಮನೆಯಲ್ಲಿ ಯಾರ ಜೊತೆ ಓದಿದೆ? ನಮ್ಮ ಹುಡುಗ ಕನ್ನಡದಲ್ಲಿ 'ಅಜ್ಜಿ' ಎಂದು ಬರೆದ. ಅವನಿಗೆ ಕನ್ನಡದಲ್ಲಿ ಬರೆಯಲು ಬರುವ ಪದಗಳು ಹತ್ತೋ ಹನ್ನೆರಡೋ, ಅದರಲ್ಲಿ ಇದೊಂದು. ದೀದಿಗೆ ಓದಲು ಬರಲಿಲ್ಲ. ಮುಂದಿನ ವಾರ ಅವನಿಂದ ಹೇಳಿಸಿಕೊಂಡು, ಅದರ ಪಕ್ಕ ತಾನು ಬಂಗಾಳಿಯಲ್ಲಿ 'ದಿದಿಮಾ' ಎಂದು ಬರೆದು ಕಳಿಸಿದಳು.

ಬಂಗಾಳಿಗಳಿಗೆ ಮಕ್ಕಳ ಪುಸ್ತಕದ ಗೀಳು ಹಳೆಯದು. ಪಕ್ಕದ ಮನೆಯ ಹಿರಿಯರೊಬ್ಬರಿದ್ದಾರೆ, ನಮ್ಮ ಹುಡುಗನಿಗೆ 'ದಾದು'. ದಕ್ಷಿಣಾರಂಜನ ಮಿತ್ರ ಮಜುಮ್ದಾರರು ಊರೂರು ತಿರುಗಿ ಅಜ್ಜಿಯರ ಬಾಯಿಂದ ಕಥೆ ಸಂಗ್ರಹಿಸಿ 1907ರಲ್ಲಿ ತಂದ 'ಠಾಕುರ್‌ಮಾರ್ ಝುಲಿ', ಅಂದರೆ ಅಜ್ಜಿಯ ಜೋಳಿಗೆ, ಅವರ ಮನೆಯಲ್ಲಿ ಮೂರು ತಲೆಮಾರಿನಿಂದ ಇದೆ. 1913ರಲ್ಲಿ ಉಪೇಂದ್ರಕಿಶೋರ ರಾಯ್ ಶುರುಮಾಡಿದ 'ಸಂದೇಶ್' ಮಕ್ಕಳ ಪತ್ರಿಕೆಯನ್ನು ಮಗ ಸುಕುಮಾರ ರಾಯ್ ನಡೆಸಿದರು. ನಿಂತುಹೋದದ್ದನ್ನು 1961ರಲ್ಲಿ ಮೊಮ್ಮಗ ಸತ್ಯಜಿತ್ ರಾಯ್ ಮತ್ತೆ ಎಬ್ಬಿಸಿದರು. ಸಿನಿಮಾ ಮಾಡಿ ಜಗತ್ತಿನಲ್ಲೆಲ್ಲ ಹೆಸರಾದ ಮೇಲೂ ಮಕ್ಕಳ ಪತ್ರಿಕೆಗೆ ಚಿತ್ರ ಬರೆಯುತ್ತ ಕೂರುವುದು ಅವರಿಗೆ ಕಿರಿದೆನಿಸಲಿಲ್ಲ. ದಾದು ಇದನ್ನೆಲ್ಲ ಹೇಳುವಾಗ ನಾನೂ ಬಿಟ್ಟುಕೊಡುವುದಿಲ್ಲ. ಪಂಜೆ ಮಂಗೇಶರಾಯರು, ರಾಜರತ್ನಂ, 'ಬಾಲ ಪ್ರಪಂಚ'ವನ್ನು ಬರೆದು ಪುತ್ತೂರಿನ ಬಾಲವನದಲ್ಲಿ ಮಕ್ಕಳೊಡನೆ ಕುಣಿದ ಶಿವರಾಮ ಕಾರಂತರು ನನ್ನ ಕಡೆಯ ಸೈನ್ಯ. ಸಾಲ್ಟ್ ಲೇಕ್‌ನ ವರಾಂಡದಲ್ಲಿ ಎರಡು ಭಾಷೆಗಳ ಕುಸ್ತಿ ನಡೆಯುತ್ತದೆ, ಚಹಾದೊಂದಿಗೆ ಮುಗಿಯುತ್ತದೆ.

ಜನವರಿಯ ಕೊನೆಗೆ ದಾದು ನಮ್ಮನ್ನು 'ಬೊಯಿ ಮೇಲಾ'ಕ್ಕೆ ಎಳೆದುಕೊಂಡು ಹೋದರು. ಕೋಲ್ಕತ್ತದ ಪುಸ್ತಕ ಮೇಳ ಶುರುವಾದದ್ದು 1976ರಲ್ಲಿ. 2018ರಿಂದ ಸಾಲ್ಟ್ ಲೇಕ್‌ನ ಸೆಂಟ್ರಲ್ ಪಾರ್ಕ್ ಮೈದಾನಕ್ಕೆ ಬಂದಿದೆ. ಮೈದಾನಕ್ಕೇ ಈಗ ಬೊಯಿ ಮೇಲಾ ಪ್ರಾಂಗಣ ಎಂದು ಹೆಸರು. ನಮ್ಮೂರ ಜಾತ್ರೆಯಲ್ಲಿ ಕಡ್ಲೆಪುರಿಗೆ ಇರುವ ನೂಕುನುಗ್ಗಲು ಅಲ್ಲಿ ಪುಸ್ತಕಕ್ಕೆ. 1997ರಲ್ಲಿ ಮೇಳಕ್ಕೆ ಬೆಂಕಿ ಬಿದ್ದು ಲಕ್ಷಕ್ಕೂ ಹೆಚ್ಚು ಪುಸ್ತಕ ಸುಟ್ಟುಹೋಗಿ, ಮೂರೇ ದಿನಕ್ಕೆ ಮತ್ತೆ ಮಳಿಗೆ ತೆರೆದದ್ದನ್ನು ದಾದು ಯುದ್ಧದ ಕಥೆಯಂತೆ ಹೇಳಿದರು. ಅಪ್ಪಂದಿರು ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡಿದ್ದರು. ಮಕ್ಕಳು ಪುಸ್ತಕವನ್ನು ತೊಡೆಯ ಮೇಲಿಟ್ಟು, ಜಿಡ್ಡುಗೈಯಲ್ಲಿ ಚಾಪ್ ತಿನ್ನುತ್ತ ಹಾಳೆ ತಿರುವುತ್ತಿದ್ದರು. ಯಾರೂ ಕೈ ತೊಳೆದು ಬಾ ಎನ್ನಲಿಲ್ಲ.

ಈಗ ಆ ನಾಲ್ಕನೆಯ ಕ್ಲಾಸಿನ ಹುಡುಗಿಯ ವಿಷಯಕ್ಕೆ ಬರುತ್ತೇನೆ, ಕಿರೀಟವಿಲ್ಲದ ರಾಜನನ್ನು ಒಪ್ಪದವಳು. ಅವಳ ಮನೆಯಲ್ಲಿ ಆಡುಗಳಿವೆ. ನನ್ನ ನಿವೃತ್ತಿಗೆ ಎರಡು ತಿಂಗಳಿರುವಾಗ ಗ್ರಂಥಾಲಯದಿಂದ ಹಕ್ಕಿಗಳ ಚಿತ್ರಪುಸ್ತಕ ಒಯ್ದಳು. ವಾರ ಕಳೆಯಿತು, ತರಲಿಲ್ಲ. ಎರಡು ವಾರ, ಮೂರು ವಾರ. ಕೇಳಿದರೆ ತಲೆ ಬಗ್ಗಿಸುವಳು. ಶನಿವಾರ ಬಂದರೆ ಶಾಲೆಗೇ ಚಕ್ಕರ್. ನನಗೋ ಚಾರ್ಜ್ ಕೊಡುವ ಹೊತ್ತು. ಅದು ನಮ್ಮ ಶಾಲೆಯ ಪುಸ್ತಕವಲ್ಲ, ನನ್ನ ಲಿಸ್ಟಿಗೆ ಬರುವುದಿಲ್ಲ. ಆದರೂ ಮೂವತ್ತು ವರ್ಷದ ಬೀಗ ಅಷ್ಟು ಸುಲಭಕ್ಕೆ ಮನಸ್ಸಿನಿಂದ ಕಳಚುತ್ತದೆಯೇ? ಅವಳ ಮನೆಗೇ ಹೋದೆ.

ಅವಳ ತಾಯಿ ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದು ಎಲ್ಲ ಹೇಳಿದಳು. ಮಗಳು ಆಡು ಕಾಯುತ್ತ ಪುಸ್ತಕ ನೋಡುತ್ತಿದ್ದಳಂತೆ. ನೀರು ಕುಡಿಯಲು ಎದ್ದುಹೋದಾಗ ಮರಿಯೊಂದು ಬಂದು ರಟ್ಟಿನ ಮೂಲೆಯನ್ನೂ ಮೊದಲ ಹಾಳೆಯನ್ನೂ ತಿಂದುಹಾಕಿದೆ. "ಸೀಲಿರೋ ಹಾಳೇನೇ ತಿಂದ್ಬಿಡ್ತು ಮಿಸ್, ಇನ್ನು ಅದು ಲೈಬ್ರರಿ ಪುಸ್ತಕ ಅಲ್ಲ ಅಂತ ಅಳ್ತಾ ಕೂತವ್ಳೆ," ಎಂದಳು ತಾಯಿ. ಹುಡುಗಿ ಬಾಗಿಲ ಹಿಂದೆ ಇದ್ದಳು. ದಂಡ ಕಟ್ಟಬೇಕಿಲ್ಲ, ಹೇಗಿದೆಯೋ ಹಾಗೆ ತಂದುಕೊಡು ಎಂದು ಹೇಳಿ ಬಂದೆ.

ಮುಂದಿನ ಶನಿವಾರ ತಂದಳು. ರಟ್ಟಿನ ಮೂಲೆಗೆ ಹಳೆಯ ಕ್ಯಾಲೆಂಡರಿನ ತುಂಡನ್ನು ಮೈದಾ ಅಂಟು ಹಾಕಿ ಮೆತ್ತಿದ್ದರು. ಏಕಾದಶಿ, ಅಮಾವಾಸ್ಯೆ ಎಲ್ಲ ಕಾಣುತ್ತಿದ್ದವು. ಬೆನ್ನಿಗೆ ಗೋಣಿ ಹೊಲಿಯುವ ದಬ್ಬಳದಿಂದ ನಾಲ್ಕು ಹೊಲಿಗೆ. ಹೋದ ಹಾಳೆಯ ಜಾಗದಲ್ಲಿ ಲೆಕ್ಕದ ನೋಟುಪುಸ್ತಕದ ಹಾಳೆಯೊಂದನ್ನು ಅಂಟಿಸಿ, ಅದರ ಮೇಲೆ ಅವಳೇ ಪುಸ್ತಕದ ಹೆಸರು, ಬರೆದವರ ಹೆಸರು ದುಂಡಗೆ ಬರೆದಿದ್ದಳು. ಕೆಳಗೆ ನೇರಳೆ ಸ್ಕೆಚ್ ಪೆನ್ನಿನಲ್ಲಿ ಒಂದು ಮೊಟ್ಟೆ. ಮೊಟ್ಟೆಯೊಳಗೆ 'ರಾಜಾ ರಾಮ ಮೋನ ರಾಯ'. ಮೇಲೊಂದು ಕಿರೀಟ, ಮೂರು ಮೊನೆಯದು.

ನಾನು ಪುಸ್ತಕವನ್ನು ಮೇಲ್ವಿಚಾರಕರ ಕೈಗೆ ಕೊಟ್ಟೆ. ಅವರು ಕನ್ನಡಕ ಏರಿಸಿ ನೋಡಿದರು, ಹಾಳೆ ತಿರುವಿದರು, ಮತ್ತೆ ಮೊದಲ ಹಾಳೆಗೆ ಬಂದರು. ಹುಡುಗಿ ನನ್ನ ಸೀರೆಯ ನೆರಿಗೆ ಹಿಡಿದುಕೊಂಡಿದ್ದಳು. ಅವರು ವಹಿ ಎಳೆದುಕೊಂಡು, ವಾಪಸು ಬಂದ ತಾರೀಖು ಬರೆದು, 'ಪುಸ್ತಕದ ಸ್ಥಿತಿ' ಎಂದಿದ್ದ ಕಲಮಿನಲ್ಲಿ 'ಉತ್ತಮ' ಎಂದು ಬರೆದು ಸಹಿ ಹಾಕಿದರು.